ಗೋದಾಮಿನ ಶೀಟು, ಗುಜರಿಯ ಸೆಲ್ಲು

14 ಜುಲೈ 2024, ಭಾನುವಾರ
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು

ಪುನರ್ವಸು ಮಳೆ ಹಿಡಿದು ವಾರ ಕಳೆಯಿತು. ಗೋದಾಮಿನ ಪಡುವಣ ಬದಿಯ ಎರಡು ಶೀಟುಗಳು ಗಾಳಿಗೆ ಸಡಿಲಗೊಂಡು ರಾತ್ರಿಯಿಡೀ ಬಡಿದುಕೊಳ್ಳುತ್ತಿದ್ದವು. ಅವುಗಳ ಕೆಳಗೇ ಬೆಲೆ ಏರೀತೆಂದು ಉಳಿಸಿಕೊಂಡ ರೋಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) ಮೂಟೆಗಳಿವೆ. ಮನೆಯಲ್ಲಿ ತಂತಿಯ ಡ್ರಿಲ್ ಒಂದಿದೆಯಾದರೂ, ನೆನೆಯುತ್ತಿರುವ ಮಾಡಿನ ಮೇಲೆ 230 ವೋಲ್ಟಿನ ತಂತಿಯನ್ನು ಎಳೆದುಕೊಂಡು ಹತ್ತುವ ಧೈರ್ಯ ನನಗಿಲ್ಲ. ಕರೆಂಟು ಬಂದರೂ ಅರ್ಧ ಗಂಟೆ ನಿಲ್ಲುತ್ತಿಲ್ಲ. ಹಾಗಾಗಿ ಕಳೆದ ಮಳೆಗಾಲದಿಂದ ಕೆಟ್ಟು ಗೋದಾಮಿನ ಗೋಡೆಯ ಮೊಳೆಗೆ ನೇತುಬಿದ್ದಿದ್ದ 18 ವೋಲ್ಟಿನ ಬ್ಯಾಟರಿ ಡ್ರಿಲ್ಲನ್ನು ಹತ್ತು ದಿನಗಳ ಹಿಂದೆ ಕೆಳಗಿಳಿಸಿದೆ. ಅದು ಇಂದು ಮಧ್ಯಾಹ್ನ ಕೆಲಸ ಮಾಡಿತು. ನಡುವಿನ ಹತ್ತು ದಿನಗಳಲ್ಲಿ ನಾಲ್ಕನ್ನಾದರೂ ನನ್ನ ತಪ್ಪು ತಿಳಿವಳಿಕೆಯೇ ನುಂಗಿತು ಎಂಬುದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಡ್ರಿಲ್ ಕೊಂಡ ಅಂಗಡಿಯಲ್ಲಿ ವಿಚಾರಿಸಿದಾಗ ಆ ಮಾದರಿಯ ಬ್ಯಾಟರಿ ಈಗ ಬರುವುದಿಲ್ಲ, ಹೊಸ ಮಷೀನನ್ನೇ ಕೊಳ್ಳಿ ಎಂದರು. ಮನೆಗೆ ಬಂದು ಬ್ಯಾಟರಿಯ ಡಬ್ಬಿಯನ್ನು ಬಿಚ್ಚಿದೆ. ಒಳಗೆ 18 ಮಿಲಿಮೀಟರ್ ಅಡ್ಡಗಲದ, 65 ಮಿಲಿಮೀಟರ್ ಉದ್ದದ, 18650 ಎಂದು ಕರೆಯುವ ಐದು ಲಿಥಿಯಂ ಸೆಲ್ಲುಗಳು ಒಂದರ ಹಿಂದೊಂದು ಸರಣಿಯಲ್ಲಿದ್ದವು. ತೇವಕ್ಕೆ ಒಂದು ಮೂಲೆಯ ಪಟ್ಟಿ ತುಕ್ಕು ಹಿಡಿದಿತ್ತು. ಮೀಟರ್ ಹಿಡಿದರೆ ನಾಲ್ಕು ಸೆಲ್ಲುಗಳು ಮೂರು ವೋಲ್ಟಿನ ಆಸುಪಾಸು ತೋರಿಸಿದವು, ಐದನೆಯದು 0.8 ವೋಲ್ಟ್. ಅಷ್ಟು ಕೆಳಕ್ಕಿಳಿದ ಸೆಲ್ಲಿನೊಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಅಲ್ಲಲ್ಲಿ ಕೂತು, ಒಳಗಿಂದೊಳಗೇ ಶಾರ್ಟ್ ಆಗುವ ಅಪಾಯವಿರುವುದರಿಂದ ಅದನ್ನು ಬದುಕಿಸಲು ಹೋಗಲಿಲ್ಲ. ಉಳಿದ ನಾಲ್ಕರ ಮೇಲೂ ನಂಬಿಕೆ ಬರಲಿಲ್ಲ. ಐದನ್ನೂ ತುದಿಗಳಿಗೆ ಟೇಪ್ ಸುತ್ತಿ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹೊರಗಿಟ್ಟೆ.

ಪೇಟೆಯ ಗುಜರಿ ಅಂಗಡಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯೊಂದು ಸಿಕ್ಕಿತು. ಆರು ಸೆಲ್ಲು, ಅದೇ ಅಳತೆ, ಆರೂ 3.7 ವೋಲ್ಟ್. ಸಂತೋಷದಿಂದ ಅವುಗಳಲ್ಲಿ ಐದನ್ನು ಜೋಡಿಸಿದೆ. ಮೀಟರ್ 18.5 ತೋರಿಸಿತು, ಯಾವುದಕ್ಕೂ ಒತ್ತದೆ ಗಾಳಿಯಲ್ಲಿ ಹಿಡಿದರೆ ಡ್ರಿಲ್ ಗಿರ್ರನೆ ತಿರುಗಿತು. ಆದರೆ ಮರದ ರೀಪಿಗೆ ಸ್ಕ್ರೂ ಇಟ್ಟು ಒತ್ತಿದೊಡನೆ ನಿಂತೇಹೋಯಿತು. ಮೋಟಾರು ಹಾಳಾಗಿರಬೇಕೆಂದು ಅದನ್ನು ಬಿಚ್ಚಿ, ಕಾರ್ಬನ್ ಬ್ರಷ್‌ಗಳನ್ನು ನೋಡಿ, ಕಾಮ್ಯುಟೇಟರಿನ ಕರಿ ಒರೆಸಿ, ಗೇರಿನ ಗ್ರೀಸ್ ಬದಲಿಸಿ ಎರಡು ದಿನ ಕಳೆದೆ. ಮೋಟಾರಿಗೆ ಯಾವ ರೋಗವೂ ಇರಲಿಲ್ಲ.

ಮೂರನೆಯ ದಿನ ಹೊಳೆದದ್ದು ಇಷ್ಟು: ನಾನು ಸೆಲ್ಲುಗಳನ್ನು ಹೊರೆಯಿಲ್ಲದೆ, ಅಂದರೆ ಅವುಗಳಿಂದ ಕರೆಂಟು ಎಳೆಯದೆ, ಅಳೆದಿದ್ದೆ. ಕಾರಿನ ಹಳೆಯ 12 ವೋಲ್ಟ್, 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಒಂದೇ ಸೆಲ್ಲಿಗೆ ಹಚ್ಚಿದರೆ ಅದು ಮಂಕಾಗಿ ಉರಿಯುತ್ತ ಸುಮಾರು ಎರಡೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬು ಹಚ್ಚುವ ಮೊದಲಿನ ವೋಲ್ಟಿಗೂ ಹಚ್ಚಿದ ಮೇಲಿನ ವೋಲ್ಟಿಗೂ ಇರುವ ಅಂತರವನ್ನು ಆಂಪಿಯರಿನಿಂದ ಭಾಗಿಸಿದರೆ ಸೆಲ್ಲಿನ ಒಳಗಿನ ತಡೆ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನ ಸೆಲ್ಲುಗಳು 0.2 ವೋಲ್ಟ್ ಕುಸಿದವು, ಅಂದರೆ ತಲಾ 80 ಮಿಲಿಓಮ್. ಡ್ರಿಲ್ ಬಿಗಿಯಾದ ಸ್ಕ್ರೂವಿನಲ್ಲಿ 15 ಆಂಪಿಯರ್ ಕೇಳುತ್ತದೆಂದು ಹಿಡಿದರೂ ಒಂದೊಂದರಲ್ಲಿ 1.2 ವೋಲ್ಟ್, ಐದರಲ್ಲಿ ಆರು ವೋಲ್ಟ್ ಒಳಗೇ ಕರಗಿ ಶಾಖವಾಗುತ್ತದೆ. ಮೋಟಾರಿಗೆ ಉಳಿಯುವುದು ಹನ್ನೆರಡೂವರೆ. ಲ್ಯಾಪ್‌ಟಾಪ್ ನಿಧಾನವಾಗಿ ಕುಡಿಯುವ ಯಂತ್ರ, ಅದರ ಸೆಲ್ಲುಗಳನ್ನು ಅದಕ್ಕೆ ತಕ್ಕಂತೆಯೇ ಮಾಡಿರುತ್ತಾರೆ. ಹೊರಗಿನ ಅಳತೆ ಒಂದೇ ಆಗಿದ್ದುದರಿಂದ ಒಳಗೂ ಒಂದೇ ಎಂದು ನಾನು ನಂಬಿದ್ದೆ.

ಪುನಃ ಗುಜರಿ ಅಂಗಡಿಗೆ ಹೋದಾಗ ಬಲ್ಬು, ತಂತಿ, ಮೀಟರ್ ಎಲ್ಲವೂ ಚೀಲದಲ್ಲಿದ್ದವು. ಅಂಗಡಿಯವರು ನಕ್ಕು, “ಏನ್ ಸಾರ್, ಗುಜರಿಗೂ ಪರೀಕ್ಷೆ ಇಡ್ತೀರಲ್ಲ” ಎಂದರು. ಮರಗಸಿಗೆ (ತೋಟದ ಮರಗಳ ಕೊಂಬೆ ಸವರಲು) ಬಳಸುವ ಸಣ್ಣ ಬ್ಯಾಟರಿ ಗರಗಸವೊಂದು ಅಲ್ಲಿತ್ತು. ಸಿಲ್ವರ್ ಓಕ್ ಮರದ ಮೇಲಿನಿಂದ ಬಿದ್ದು ಅದರ ಮೈ ಎರಡು ಹೋಳಾಗಿತ್ತು, ಆದರೆ ಬ್ಯಾಟರಿಗೆ ಏಟು ತಾಗಿರಲಿಲ್ಲ. ಒಳಗೆ ಹತ್ತು ಸೆಲ್ಲು. ಬಲ್ಬು ಹಚ್ಚಿದರೆ ಬಹುತೇಕ ಎಲ್ಲವೂ 0.06 ವೋಲ್ಟಿಗಿಂತ ಹೆಚ್ಚು ಇಳಿಯಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಗಿಂತ ಮೂರು ಪಟ್ಟು ಹಣ ಕೇಳಿದರು, ಚೌಕಾಸಿ ಮಾಡದೆ ಕೊಟ್ಟೆ.

ಹತ್ತನ್ನೂ ಒಂದೊಂದಾಗಿ 4.2 ವೋಲ್ಟಿನವರೆಗೆ ಚಾರ್ಜ್ ಮಾಡಿ ಎರಡು ರಾತ್ರಿ ಸುಮ್ಮನೆ ಬಿಟ್ಟು ನೋಡಿದೆ. ಎರಡು ತಾವಾಗಿಯೇ 4.1ಕ್ಕಿಂತ ಕೆಳಗಿಳಿದವು, ಅವನ್ನು ಮರಳಿನ ಡಬ್ಬಿಗೆ ಸೇರಿಸಿದೆ. ಉಳಿದ ಎಂಟರಲ್ಲಿ ಒಂದಕ್ಕೊಂದು ಹತ್ತಿರವಿದ್ದ ಐದನ್ನು ಆರಿಸಿದೆ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿ ಒಳಗಿಳಿಯುತ್ತದೆಂದು, ಪೇಟೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಕಟ್ಟುವ ಹುಡುಗನಿಂದ ನಿಕಲ್ ಪಟ್ಟಿಗಳನ್ನು ಸ್ಪಾಟ್ ವೆಲ್ಡ್ ಮಾಡಿಸಿದೆ. ಅವನು ಕೆಲಸ ಆರಂಭಿಸುವ ಮುನ್ನ ಪ್ರತಿ ಸೆಲ್ಲಿನ ಪಾಸಿಟಿವ್ ತಲೆಗೆ ಕಾಗದದ ಬಳೆಯೊಂದನ್ನು ಅಂಟಿಸಿದ. ಸೆಲ್ಲಿನ ಮೈಯೆಲ್ಲ ನೆಗೆಟಿವ್, ಪಾಸಿಟಿವ್ ಇರುವುದು ತಲೆಯ ನಡುವಿನ ಸಣ್ಣ ಗುಬಟಿನಲ್ಲಿ ಮಾತ್ರ. ಮೇಲಿನ ತೆಳು ಪ್ಲಾಸ್ಟಿಕ್ ಹರಿದು ಪಟ್ಟಿ ಅಂಚಿಗೆ ತಾಗಿದರೆ ಬೆಂಕಿಯೇ. ನಾನು ಲ್ಯಾಪ್‌ಟಾಪಿನ ಸೆಲ್ಲುಗಳಿಗೆ ಈ ಬಳೆ ಹಾಕಿರಲಿಲ್ಲವೆಂದು ಅವನಿಗೆ ಹೇಳಲಿಲ್ಲ. ಸೆಲ್ಲುಗಳ ವೋಲ್ಟಿನ ಮೇಲೆ ಕಣ್ಣಿಡುವ ಹಳೆಯ ರಕ್ಷಣಾ ಬೋರ್ಡನ್ನೇ ಮತ್ತೆ ಕೂರಿಸಿ, ಅದರ ಸಣ್ಣ ತಂತಿಗಳನ್ನು ನೆಗೆಟಿವ್ ತುದಿಯಿಂದ ಕ್ರಮವಾಗಿ, ಒಂದೊಂದಕ್ಕೂ ಮೀಟರ್ ಹಿಡಿದು ಬೆಸೆದೆ.

ಈಗ ಡ್ರಿಲ್ಲಿಗೆ ಬಲ ಬಂತು, ಬಲದೊಂದಿಗೆ ಇನ್ನೊಂದು ದೋಷವೂ ಹೊರಬಿತ್ತು. ಗುಂಡಿಯನ್ನು ತುಸುವೇ ಒತ್ತಿದರೂ ಪೂರ್ತಿ ವೇಗ. ಲ್ಯಾಪ್‌ಟಾಪಿನ ಸೆಲ್ಲುಗಳ ದಿನವೇ ಅದು ಹೀಗೆ ತಿರುಗಿತ್ತು, ಖುಷಿಯಲ್ಲಿ ನಾನು ಗಮನಿಸಿರಲಿಲ್ಲ. ಆ ವೇಗದಲ್ಲಿ ಶೀಟಿಗೆ ಸ್ಕ್ರೂ ಹೊಡೆದರೆ ರಬ್ಬರ್ ವಾಷರ್ ಹರಿದು ಆ ತೂತಿನಿಂದಲೇ ನೀರಿಳಿಯುತ್ತದೆ. ವೇಗವನ್ನು ಹಿಡಿತದಲ್ಲಿಡುವುದು ಗುಂಡಿಯೊಳಗಿನ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು: ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಬಿಟ್ಟು ಮಾಡುತ್ತದೆ. ಅದು ಶಾರ್ಟ್ ಆದರೆ ಕಡಿಯುವುದು ನಿಂತು ಬರೀ ಬಿಡುವುದಷ್ಟೇ ಉಳಿಯುತ್ತದೆ. ಮೀಟರ್ ಹಿಡಿದರೆ ಎರಡೂ ದಿಕ್ಕಿಗೆ ಪೀಂ ಎಂದಿತು, ಅಂದರೆ ಶಾರ್ಟೇ. ಅಟ್ಟದಲ್ಲಿದ್ದ ಕೆಟ್ಟ ಯುಪಿಎಸ್ಸಿನ ಬೋರ್ಡಿನಲ್ಲಿ ಐಆರ್‌ಎಫ್ 3205 ಎಂಬ ಮಾಸ್‌ಫೆಟ್‌ಗಳು ಸಾಲಾಗಿ ನಿಂತಿದ್ದವು. 55 ವೋಲ್ಟ್ ತಾಳುವ ಈ ಮಾಸ್‌ಫೆಟ್, ಗೇಟಿಗೆ (ಅದನ್ನು ತೆರೆಸುವ ಕಾಲಿಗೆ) ಹತ್ತು ವೋಲ್ಟ್ ಸಿಕ್ಕರೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಡ್ರಿಲ್ಲಿನ ಗುಂಡಿಯಿಂದ ಹತ್ತಕ್ಕಿಂತ ಹೆಚ್ಚೇ ಬರುತ್ತಿದೆಯೆಂದು ಅಳೆದು ನೋಡಿ, ಈ ಬಾರಿ ಪರೀಕ್ಷಿಸಿದ ಮೇಲೆಯೇ ಒಂದನ್ನು ಕಿತ್ತು ಹಾಕಿದೆ.

ಇಂದು ಮಧ್ಯಾಹ್ನ ಎರಡರ ಸುಮಾರಿಗೆ ಮಳೆ ಹೊಳವಾಯಿತು. ಏಣಿಯನ್ನು ಮನೆಯವಳು ಹಿಡಿದುಕೊಂಡು, “ಬೇಗ ಮುಗಿಸ್ರೀ, ಮೋಡ ಮತ್ತೆ ಕಟ್ತಾ ಇದೆ” ಎನ್ನುತ್ತಿದ್ದಳು. ನಿಧಾನ ವೇಗದಲ್ಲಿ ಹದಿನೇಳು ಸ್ಕ್ರೂ ಹೊಡೆದೆ, ಒಂದು ವಾಷರೂ ಹರಿಯಲಿಲ್ಲ. ಹದಿನೆಂಟನೆಯದಕ್ಕೆ ಏಣಿ ಎಟುಕಲಿಲ್ಲ, ಅಲ್ಲಿಗೆ ಸದ್ಯ ಒಂದು ಕಲ್ಲು ಹೇರಿದ್ದೇನೆ. ಇಳಿದು ಬಂದು ಬ್ಯಾಟರಿಯನ್ನು ಮುಟ್ಟಿದರೆ ಅಂಗೈಗೆ ಬೆಚ್ಚಗೆ ಎನಿಸಿತು, ಅಷ್ಟೆ. ಒಟ್ಟು 19.1 ವೋಲ್ಟ್, ಐದು ಸೆಲ್ಲುಗಳೂ 3.81ರಿಂದ 3.83ರ ನಡುವೆ. ಈಗ ಅದು ಜಗಲಿಯ ಸಿಮೆಂಟು ನೆಲದ ಮೇಲೆ, ಮೂಟೆಗಳಿಂದ ದೂರದಲ್ಲಿ ಚಾರ್ಜ್ ಆಗುತ್ತಿದೆ, ಅದು ಮುಗಿಯುವವರೆಗೆ ನಾನೂ ಇಲ್ಲೇ ಕೂತಿರುತ್ತೇನೆ.