ಸೆಮಿಸ್ಟರ್ ನಡುವೆ ಕಾಲೇಜು ಬಿಟ್ಟವರಿಗೆ ಬರುವ ಬಿಲ್ಲು

ಅಮೆರಿಕದ ಕಾಲೇಜುಗಳಲ್ಲಿ ಫೆಡರಲ್ ಸರ್ಕಾರದ ನೆರವಿನ ಹಣದಿಂದ ಓದುವ ವಿದ್ಯಾರ್ಥಿಗಳು ಸೆಮಿಸ್ಟರ್ ಮುಗಿಯುವ ಮೊದಲೇ ಓದು ನಿಲ್ಲಿಸಿದರೆ ಆ ಹಣದ ಒಂದು ಭಾಗ ಸರ್ಕಾರಕ್ಕೆ ಹಿಂದಿರುಗಬೇಕಾಗುತ್ತದೆ. ಇಷ್ಟು ಬಹಳ ಜನರಿಗೆ ಗೊತ್ತಿರುತ್ತದೆ. ಆದರೆ ಅದು ಯಾರ ಕೈಯಿಂದ ಹಿಂದಿರುಗುತ್ತದೆ, ಹಾಗೆ ಹಿಂದಿರುಗಿದ ಮೇಲೆ ಬಾಕಿ ಯಾರಿಗೆ ಉಳಿಯುತ್ತದೆ ಎಂಬುದನ್ನು ತಿಳಿದವರು ಕಡಿಮೆ. ನಾನು ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಕಚೇರಿಯಲ್ಲಿ ಕೆಲಸ ಮಾಡುತ್ತಿರುವುದರಿಂದ ಕನ್ನಡ ಕೂಟದ ಪರಿಚಯಸ್ಥರು ಆಗಾಗ ಫೋನ್ ಮಾಡುತ್ತಾರೆ. ಅವರ ಪ್ರಶ್ನೆ ಸಾಮಾನ್ಯವಾಗಿ ‘ಸರ್ಕಾರಕ್ಕೆ ಎಷ್ಟು ಕಟ್ಟಬೇಕಾಗುತ್ತದೆ?’ ಎಂದೇ ಇರುತ್ತದೆ. ಕಡಿಮೆ ಆದಾಯದ ಮನೆಗಳ ವಿದ್ಯಾರ್ಥಿಗಳಿಗೆ ಸರ್ಕಾರ ಸಾಲವಾಗಿಯಲ್ಲದೆ ಕೊಡುವ ಪೆಲ್ ಗ್ರಾಂಟ್ ಒಂದನ್ನೇ ಪಡೆದು ಕಡಿಮೆ ಶುಲ್ಕದ ಕಾಲೇಜಿನಲ್ಲಿ ಓದುವವರಿಗೆ ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ನನ್ನ ಉತ್ತರ ‘ಏನೂ ಇಲ್ಲ’ ಎಂಬುದು. ಅವರನ್ನು ಕಾಡುವ ಬಿಲ್ಲು ಬರುವುದು ಕಾಲೇಜಿನಿಂದ.

ಮೊದಲು ಲೆಕ್ಕದ ಮೂಲವನ್ನು ಹೇಳುತ್ತೇನೆ. 1965ರ ಉನ್ನತ ಶಿಕ್ಷಣ ಕಾಯ್ದೆಯ ನಾಲ್ಕನೆಯ ಭಾಗದಡಿ ಬರುವ ನೆರವನ್ನು ಇಲ್ಲಿನ ಕಚೇರಿಗಳಲ್ಲಿ ಟೈಟಲ್ ಫೋರ್ ಹಣ ಎನ್ನುತ್ತಾರೆ. ಪೆಲ್ ಗ್ರಾಂಟ್, ಸರ್ಕಾರವೇ ನೇರವಾಗಿ ಕೊಡುವ ಡೈರೆಕ್ಟ್ ಲೋನ್, ತಂದೆತಾಯಿ ತೆಗೆದುಕೊಳ್ಳುವ ಪ್ಲಸ್ ಲೋನ್ ಎಲ್ಲವೂ ಅದರೊಳಗೇ ಸೇರುತ್ತವೆ. ಈಗ ಜಾರಿಯಲ್ಲಿರುವ ಹಿಂದಿರುಗಿಸುವಿಕೆಯ ಪದ್ಧತಿ ರೂಪುಗೊಂಡಿದ್ದು ಆ ಕಾಯ್ದೆಗೆ 1998ರಲ್ಲಿ ಆದ ತಿದ್ದುಪಡಿಯಿಂದ. ಅದರ ಪ್ರಕಾರ ಸೆಮಿಸ್ಟರಿನ ಆರಂಭದಲ್ಲಿ ಖಾತೆಗೆ ಬಂದ ಹಣ ಆಗಲೇ ಪೂರ್ತಿಯಾಗಿ ವಿದ್ಯಾರ್ಥಿಯದಾಗುವುದಿಲ್ಲ. ದಿನಗೂಲಿಯ ಹಾಗೆ ದಿನ ಕಳೆದಷ್ಟೂ ಅದು ಅವನ ಪಾಲಿಗೆ ಸಲ್ಲುತ್ತಾ ಹೋಗುತ್ತದೆ. ಶನಿವಾರ, ಭಾನುವಾರಗಳೂ ಲೆಕ್ಕಕ್ಕೆ ಬರುತ್ತವೆ, ಆದರೆ ಐದು ಅಥವಾ ಅದಕ್ಕಿಂತ ಹೆಚ್ಚು ದಿನಗಳ ನಿಗದಿತ ರಜೆಯನ್ನು ಒಟ್ಟು ದಿನಗಳಿಂದ ಕಳೆಯುತ್ತಾರೆ. ಸೆಮಿಸ್ಟರಿನ ಶೇ 60ರಷ್ಟು ದಿನಗಳು ದಾಟಿದ ಮೇಲೆ ಓದು ಬಿಟ್ಟರೆ ಹಣವೆಲ್ಲವೂ ಸಂದಂತೆಯೇ, ಏನನ್ನೂ ಹಿಂದಿರುಗಿಸಬೇಕಾಗಿಲ್ಲ.

ಈ ಲೆಕ್ಕ ಕಾರಣವನ್ನು ಕೇಳುವುದಿಲ್ಲ. ಕಾಯಿಲೆಯಾಗಲಿ, ಮನೆಯಲ್ಲಿ ಸಾವಾಗಲಿ, ಕೆಲಸ ಹೋದದ್ದಾಗಲಿ, ಓದು ಹಿಡಿಸದೆ ಬಿಟ್ಟದ್ದಾಗಲಿ, ಸೂತ್ರಕ್ಕೆ ಎಲ್ಲವೂ ಒಂದೇ. 2020ರಲ್ಲಿ ಕೋವಿಡ್ ಕಾರಣದಿಂದ ಓದು ನಿಲ್ಲಿಸಿದವರಿಗೆ ಕೇರ್ಸ್ ಕಾಯ್ದೆಯ ಮೂಲಕ ವಿನಾಯಿತಿ ಸಿಕ್ಕಿತ್ತು. ವಿನಾಯಿತಿ ಕೊಡಲು ಸಂಸತ್ತೇ ಬೇಕಾಯಿತು ಎಂಬುದರಿಂದಲೇ ಈ ನಿಯಮ ಎಷ್ಟು ಬಿಗಿಯಾದುದೆಂದು ಊಹಿಸಬಹುದು. ಕಚೇರಿಯಲ್ಲಿ ನಮ್ಮೆದುರು ಕುಳಿತು ಅಳುವವರಿಗೆ ನಾವು ನೀರು ಕೊಡಬಹುದು, ಶೇಕಡಾವಾರು ಬದಲಿಸಲು ಬರುವುದಿಲ್ಲ.

ಪರಿಚಯದ ಕುಟುಂಬವೊಂದರ ಹುಡುಗನ ಲೆಕ್ಕವನ್ನು, ಗುರುತು ಸಿಗದಂತೆ ಅಂಕಿಗಳನ್ನು ದುಂಡಗೆ ಮಾಡಿ, ಇಲ್ಲಿ ಬಿಡಿಸಿಡುತ್ತೇನೆ. ಗ್ರೀನ್ ಕಾರ್ಡ್ ಇರುವ ಮನೆ; ತಂದೆ ಹಾಸಿಗೆ ಹಿಡಿದಾಗ ಹುಡುಗ ಐದನೆಯ ವಾರದಲ್ಲಿ ಎಲ್ಲ ವಿಷಯಗಳನ್ನೂ ಬಿಟ್ಟು ಗೋದಾಮೊಂದರ ಕೆಲಸಕ್ಕೆ ಸೇರಿದ. ಅವನು ಓದುತ್ತಿದ್ದುದು ನಮ್ಮ ಕಾಲೇಜಿನಲ್ಲಲ್ಲ. ಆ ಸೆಮಿಸ್ಟರಿಗೆ ಅವನಿಗೆ ಬಂದ ಪೆಲ್ ಗ್ರಾಂಟ್ 3,600 ಡಾಲರ್, ಕಾಲೇಜಿನ ಶುಲ್ಕ 2,400. ಶುಲ್ಕ ಮುರಿದುಕೊಂಡು ಮಿಕ್ಕ 1,200 ಡಾಲರನ್ನು ಕಾಲೇಜು ಅವನ ಬ್ಯಾಂಕ್ ಖಾತೆಗೆ ಹಾಕಿತ್ತು, ಅದು ಪುಸ್ತಕಕ್ಕೂ ಮನೆಬಾಡಿಗೆಗೂ ಖರ್ಚಾಗಿತ್ತು. ಸೆಮಿಸ್ಟರಿನ ಒಟ್ಟು ದಿನಗಳು 110, ಅವನು ಬಿಟ್ಟದ್ದು 33ನೆಯ ದಿನ, ಅಂದರೆ ಶೇ 30. ಹಾಗಾಗಿ ಅವನಿಗೆ ಸಂದ ಹಣ 1,080 ಡಾಲರ್, ಸಲ್ಲದೆ ಉಳಿದದ್ದು 2,520.

ಈ 2,520ರಲ್ಲಿ ಕಾಲೇಜಿನ ಪಾಲು ಎಷ್ಟೆಂಬುದಕ್ಕೆ ಪ್ರತ್ಯೇಕ ಸೂತ್ರವಿದೆ. ಸಲ್ಲದೆ ಉಳಿದದ್ದು ಶೇ 70 ಆದ್ದರಿಂದ ಕಾಲೇಜು ವಿಧಿಸಿದ ಶುಲ್ಕದಲ್ಲೂ ಶೇ 70, ಅಂದರೆ 1,680 ಡಾಲರನ್ನು ಅದು ಸರ್ಕಾರಕ್ಕೆ ಕಳಿಸಬೇಕು. ವಿದ್ಯಾರ್ಥಿ ಬಿಟ್ಟನೆಂದು ಖಚಿತವಾದ ದಿನದಿಂದ ಅದಕ್ಕೆ 45 ದಿನಗಳ ಗಡುವು. ಉಳಿದ 840 ಡಾಲರ್ ಹುಡುಗನ ಪಾಲು. ಆದರೆ ಗ್ರಾಂಟ್ ವಿಷಯದಲ್ಲಿ ಕಾನೂನು ವಿದ್ಯಾರ್ಥಿಗೆ ಒಂದು ರಕ್ಷಣೆ ಕೊಟ್ಟಿದೆ: ಅವನ ಪಾಲು ಒಟ್ಟು ಗ್ರಾಂಟಿನ ಅರ್ಧವನ್ನು ಮೀರಿದರೆ ಮೀರಿದಷ್ಟನ್ನು ಮಾತ್ರ ಅವನು ಕಟ್ಟಬೇಕು. 3,600ರ ಅರ್ಧ 1,800. ಅವನ ಪಾಲು ಅದಕ್ಕಿಂತ ಕಡಿಮೆ ಇರುವುದರಿಂದ ಸರ್ಕಾರಕ್ಕೆ ಅವನು ಕಟ್ಟಬೇಕಾದದ್ದು ಸೊನ್ನೆ. ಖರ್ಚಾಗಿಹೋದ ಆ 1,200 ಡಾಲರಿನ ಬಗ್ಗೆ ಮನೆಯವರು ನಿದ್ದೆಗೆಟ್ಟಿದ್ದರು. ಅದನ್ನು ಯಾರೂ ಕೇಳಲಿಲ್ಲ.

ಆದರೆ ಕಾಲೇಜು ತನ್ನ ಶುಲ್ಕದ ಹಣದಿಂದ 1,680 ಡಾಲರನ್ನು ಸರ್ಕಾರಕ್ಕೆ ಮರಳಿಸಿತು. ಶುಲ್ಕ ವಾಪಸಾತಿಯ ಅವಧಿ ಮೊದಲ ಕೆಲವು ವಾರಗಳಲ್ಲೇ ಮುಗಿದಿದ್ದರಿಂದ ಕಾಲೇಜಿನ ಲೆಕ್ಕದಲ್ಲಿ 2,400 ಡಾಲರ್ ಶುಲ್ಕ ಹಾಗೆಯೇ ನಿಂತಿತ್ತು. ಹುಡುಗನ ಆನ್‌ಲೈನ್ ಖಾತೆಯಲ್ಲಿ ಪೆಲ್ ಗ್ರಾಂಟ್ ಜಮೆಯಾದ ಸಾಲಿನ ಕೆಳಗೆ, ಎರಡು ತಿಂಗಳ ನಂತರದ ದಿನಾಂಕದಲ್ಲಿ, ಅದೇ ಪೆಲ್ ಗ್ರಾಂಟ್ ಹೆಸರಿನಲ್ಲಿ 1,680 ಡಾಲರ್ ಕಳೆದ ಇನ್ನೊಂದು ಸಾಲು ಕಾಣಿಸಿಕೊಂಡಿತು. ಅದರ ಕೆಳಗೆ ಬಾಕಿ 1,680. ವಿವರಣೆಯೆಂದು ಒಂದು ಪದವೂ ಇಲ್ಲ. ಅವನ ತಾಯಿ ಫೋನಿನಲ್ಲಿ ಕೇಳಿದ್ದು ಹೀಗೆ: “ಅಕ್ಕಾ, ದುಡ್ಡು ಕೊಟ್ಟಿದ್ದು ಸರ್ಕಾರ, ವಾಪಸ್ ತಗೊಂಡಿದ್ದೂ ಸರ್ಕಾರ. ನಡುವೆ ಈ ಕಾಲೇಜಿನವರಿಗೆ ನಾವ್ಯಾಕೆ ಕಟ್ಟಬೇಕು?” ಪ್ರಶ್ನೆ ನ್ಯಾಯವಾದದ್ದೇ. ಎರಡು ಬೇರೆ ಬೇರೆ ನಿಯಮಗಳು, ಒಂದು ಫೆಡರಲ್ ಸರ್ಕಾರದ್ದು, ಇನ್ನೊಂದು ಕಾಲೇಜಿನ ಶುಲ್ಕ ವಾಪಸಾತಿಯದ್ದು, ಒಂದಕ್ಕೊಂದು ಹೊಂದದೆ ನಡೆಯುತ್ತವೆ. ಆ ಅಂತರವನ್ನು ತುಂಬುವ ಹೊಣೆ ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದೇ. ಸರ್ಕಾರ ತನ್ನ ಹಣವನ್ನು ಕೇಳುವುದು ತಪ್ಪಲ್ಲ. ಹಣ ತಮ್ಮಿಂದ ಹೋಗುತ್ತದೆಂದು ಮೊದಲೇ ಗೊತ್ತಿರುವ ಕಾಲೇಜುಗಳು ವಿದ್ಯಾರ್ಥಿ ಓದು ಬಿಡುವ ಅರ್ಜಿ ತುಂಬುವ ಹೊತ್ತಿಗೇ ಮೊತ್ತವನ್ನು ಹೇಳುವ ಬದಲು ಎರಡು ತಿಂಗಳ ಮೇಲೆ ಬಿಲ್ಲು ಕಳಿಸುವುದು ಸರಿಯಲ್ಲ.

ಸಾಲವೂ ಇದ್ದಾಗ ಲೆಕ್ಕ ಇನ್ನೂ ವಿಚಿತ್ರವಾಗುತ್ತದೆ. ಹಣ ಹಿಂದಿರುಗಿಸುವಾಗ ಮೊದಲು ಸಾಲ, ಆಮೇಲೆ ಗ್ರಾಂಟ್ ಎಂಬ ಕ್ರಮವಿದೆ. ಸಾಲಗಳಲ್ಲೂ ಬಡ್ಡಿಯ ರಿಯಾಯಿತಿ ಇಲ್ಲದ್ದು ಮೊದಲು. ಆರು ಸಾವಿರ ಡಾಲರ್ ಶುಲ್ಕದ ವಿಶ್ವವಿದ್ಯಾಲಯದಲ್ಲಿ 3,000 ಡಾಲರ್ ಪೆಲ್ ಗ್ರಾಂಟ್, 2,750 ಡಾಲರ್ ಸಾಲ ಮತ್ತು ಕೈಯಿಂದ 250 ಡಾಲರ್ ಸೇರಿಸಿ ಓದುತ್ತಿದ್ದವಳು ಶೇ 40ರಷ್ಟು ದಿನಗಳಾದಾಗ ಬಿಟ್ಟಳೆಂದು ಇಟ್ಟುಕೊಳ್ಳೋಣ. 5,750ರಲ್ಲಿ 3,450 ಡಾಲರ್ ಹಿಂದಿರುಗಬೇಕು; ಶುಲ್ಕದ ಶೇ 60 ಅದಕ್ಕಿಂತ ಹೆಚ್ಚಿರುವುದರಿಂದ ಅಷ್ಟನ್ನೂ ಕಾಲೇಜೇ ಕಳಿಸುತ್ತದೆ. ಅದರಲ್ಲಿ 2,750 ಡಾಲರ್ ಸಾಲಕ್ಕೆ ಹೋಗಿ ಸಾಲ ಪೂರ್ತಿ ತೀರುತ್ತದೆ, 700 ಡಾಲರ್ ಪೆಲ್ ಗ್ರಾಂಟಿಗೆ ಹೋಗುತ್ತದೆ. ಸಾಲ ತೀರಿತೆಂದು ಸಂತೋಷಪಡುವ ಹಾಗಿಲ್ಲ, ಏಕೆಂದರೆ ಶುಲ್ಕ ವಾಪಸಾತಿಯ ಅವಧಿ ಮುಗಿದಿದ್ದರೆ ಅವಳೀಗ ಕಾಲೇಜಿಗೆ 3,450 ಡಾಲರ್ ಬಾಕಿದಾರಳು. ಸರ್ಕಾರದ ಸಾಲವಾಗಿದ್ದರೆ ಓದು ನಿಲ್ಲಿಸಿದ ಮೇಲೆ ಆರು ತಿಂಗಳ ಬಿಡುವು ಇರುತ್ತಿತ್ತು, ಆಮೇಲೆ ಕಂತು. ಕಾಲೇಜಿನ ಬಿಲ್ಲಿಗೆ ಅಂಥ ತಾಳ್ಮೆಯಿಲ್ಲ; ಮುಂದಿನ ಸೆಮಿಸ್ಟರಿನ ನೋಂದಣಿಗೆ ತಡೆ ಬೀಳುತ್ತದೆ, ಹಲವು ಕಡೆ ವಸೂಲಿ ಏಜೆನ್ಸಿಗೆ ಹೋಗಿ ಮೊತ್ತ ಬೆಳೆಯುತ್ತದೆ. ಬಾಕಿಯ ಕಾರಣಕ್ಕೆ ಅಂಕಪಟ್ಟಿ ತಡೆಹಿಡಿಯುವುದನ್ನು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳು ಕಾನೂನು ಮಾಡಿ ನಿಲ್ಲಿಸಿವೆ ಎಂಬುದೊಂದು ಸಮಾಧಾನ.

ಹೇಳದೆ ಕೇಳದೆ ಓದು ಬಿಡುವವರ ಸ್ಥಿತಿ ಬೇರೆ. ತರಗತಿಗೆ ಹೋಗುವುದನ್ನು ನಿಲ್ಲಿಸಿ, ಅರ್ಜಿ ಕೊಡದೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲವೆಂದು ಹುಡುಗರು ತಿಳಿದಿರುತ್ತಾರೆ. ಎಲ್ಲ ವಿಷಯಗಳಲ್ಲೂ ಎಫ್, ಅಂದರೆ ಅನುತ್ತೀರ್ಣ ಎಂದು ಬಂದವರ ಪಟ್ಟಿಯನ್ನು ಸೆಮಿಸ್ಟರಿನ ಕೊನೆಗೆ ನಾವು ತೆಗೆಯುತ್ತೇವೆ. ಪರೀಕ್ಷೆ ಬರೆದು ಅನುತ್ತೀರ್ಣರಾದರೋ, ಬರುವುದನ್ನೇ ನಿಲ್ಲಿಸಿದರೋ ಎಂದು ಅಧ್ಯಾಪಕರನ್ನು ಕೇಳುತ್ತೇವೆ. ನಿಲ್ಲಿಸಿದ್ದರೆ, ಹಾಜರಿ ಕಡ್ಡಾಯವಲ್ಲದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸೆಮಿಸ್ಟರಿನ ನಡುಬಿಂದುವನ್ನು ಬಿಟ್ಟ ದಿನವೆಂದು ಹಿಡಿದು ಲೆಕ್ಕ ಹಾಕಲಾಗುತ್ತದೆ. ಬಿಲ್ಲು ಬರುವುದು ತಪ್ಪುವುದಿಲ್ಲ, ಜೊತೆಗೆ ಅಂಕಪಟ್ಟಿಯಲ್ಲಿ ಡಬ್ಲ್ಯೂ (ವಿಷಯ ಬಿಟ್ಟದ್ದು) ಇರಬೇಕಾದ ಕಡೆ ಎಫ್ ಉಳಿಯುತ್ತದೆ.

ಆದ್ದರಿಂದ ಬಿಡುವ ಯೋಚನೆ ಬಂದಾಗಲೇ ಫೈನಾನ್ಷಿಯಲ್ ಏಡ್ ಕಚೇರಿಗೆ ಹೋಗಿ ಎರಡು ವಿಷಯ ಕೇಳಬೇಕು: ಈ ಸೆಮಿಸ್ಟರಿನ ಶೇ 60ರ ದಿನಾಂಕ ಯಾವುದು, ಇಂದು ಬಿಟ್ಟರೆ ಕಾಲೇಜಿಗೆ ಎಷ್ಟು ಬಾಕಿಯಾಗುತ್ತದೆ. ಮೇಲಿನ 110 ದಿನಗಳ ಉದಾಹರಣೆಯಲ್ಲಿ 67ನೆಯ ದಿನಕ್ಕೆ ಹಿಂದಿರುಗಿಸಬೇಕಾದದ್ದು ಏನೂ ಇರುವುದಿಲ್ಲ. ದೇಹ, ಮನಸ್ಸು ತಡೆಯುವಂತಿದ್ದು ಆ ದಿನ ಹತ್ತಿರದಲ್ಲಿದ್ದರೆ ಅಲ್ಲಿಯವರೆಗೆ ತರಗತಿಗೆ ಹೋಗುವುದು ಲಾಭ. ಹೆಸರಿಗೆ ಮಾತ್ರ ಇದ್ದರೆ ಸಾಲದು, ನಿಜವಾಗಿ ಹೋಗಬೇಕು. ಇನ್ನೊಂದು ದಾರಿ, ಎಲ್ಲವನ್ನೂ ಬಿಡದೆ ಸೆಮಿಸ್ಟರಿನ ಕೊನೆಯವರೆಗೂ ನಡೆಯುವ ಒಂದು ವಿಷಯವನ್ನಾದರೂ ಉಳಿಸಿಕೊಳ್ಳುವುದು. ಈ ಹಿಂದಿರುಗಿಸುವ ಲೆಕ್ಕ ಶುರುವಾಗುವುದು ಎಲ್ಲ ವಿಷಯಗಳನ್ನೂ ಬಿಟ್ಟಾಗ. ಒಂದೇ ವಿಷಯ ಉಳಿದರೆ ಅರ್ಧಕಾಲಿಕಕ್ಕಿಂತ ಕಡಿಮೆಯಾಗಿ ಸಾಲದ ಬಿಡುವಿನ ಆರು ತಿಂಗಳು ಓಡತೊಡಗುತ್ತದೆ ಎಂಬುದು ನಿಜ. ಆದರೂ ನೂರಾರು ಡಾಲರಿನ ಬಿಲ್ಲು ತಪ್ಪುತ್ತದೆ. ಆರು ತಿಂಗಳು ಮುಗಿಯುವ ಮೊದಲೇ ಅರ್ಧಕಾಲಿಕವಾಗಿಯಾದರೂ ಮರಳಿ ಸೇರಿದರೆ ಮುಂದೆ ಪೂರ್ತಿ ಬಿಡುವು ಮತ್ತೆ ಸಿಗುತ್ತದೆ.

ಬಿಲ್ಲು ಬಂದೇ ಬಿಟ್ಟಿದ್ದರೆ ಲೆಕ್ಕದ ಹಾಳೆಯ ಪ್ರತಿಯನ್ನು ಕೇಳಿ ಪಡೆದು, ಬಿಟ್ಟ ದಿನಾಂಕ ಸರಿಯಾಗಿದೆಯೇ, ದೀರ್ಘ ರಜೆಯನ್ನು ಕಳೆದಿದ್ದಾರೆಯೇ ಎಂದು ನೋಡಬೇಕು. ಫೆಡರಲ್ ಸೂತ್ರ ಕಾರಣ ಕೇಳುವುದಿಲ್ಲವಾದರೂ ಕಾಲೇಜಿನ ಸ್ವಂತ ಶುಲ್ಕದ ವಿಷಯದಲ್ಲಿ ಕಾಯಿಲೆ, ಸಾವಿನಂಥ ಕಾರಣಗಳಿಗೆ ಮನವಿ ಸಲ್ಲಿಸುವ ಅವಕಾಶ ಬಹಳ ಕಡೆ ಇದೆ. ವೈದ್ಯರ ಪತ್ರವನ್ನು ಲಗತ್ತಿಸಿದ ಮನವಿಗಳು ಒಪ್ಪಿಗೆಯಾದದ್ದನ್ನು ನಾನು ನೋಡಿದ್ದೇನೆ. ಅದೂ ಆಗದಿದ್ದರೆ ಏಜೆನ್ಸಿಗೆ ಹೋಗುವ ಮೊದಲು ಶುಲ್ಕ ಕಟ್ಟಿಸಿಕೊಳ್ಳುವ ಬರ್ಸರ್ ಕಚೇರಿಯಲ್ಲಿ ಕಂತಿನ ಒಪ್ಪಂದ ಮಾಡಿಕೊಳ್ಳಬೇಕು. ಅಪರೂಪಕ್ಕೆ ಗ್ರಾಂಟಿನ ಬಾಕಿ ಸರ್ಕಾರಕ್ಕೇ ಇರುವುದಾಗಿ ಪತ್ರ ಬಂದರೆ 45 ದಿನಗಳೊಳಗೆ ಕಟ್ಟಬೇಕು ಅಥವಾ ಕಂತಿಗೆ ಒಪ್ಪಿಕೊಳ್ಳಬೇಕು, ಇಲ್ಲವಾದರೆ ಮುಂದೆ ಯಾವ ಕಾಲೇಜಿನಲ್ಲೂ ಫೆಡರಲ್ ನೆರವು ಸಿಗುವುದಿಲ್ಲ. ಮೂಲ ಬಾಕಿ 50 ಡಾಲರಿನೊಳಗಿದ್ದರೆ ಅದನ್ನು ಕೇಳುವುದಿಲ್ಲ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಬಂದವರೂ ಈ ಪ್ರಶ್ನೆ ಕೇಳುವುದುಂಟು. ಅವರಿಗೆ ಫೆಡರಲ್ ನೆರವೇ ಇಲ್ಲದಿರುವುದರಿಂದ ಇದ್ಯಾವುದೂ ಅನ್ವಯಿಸುವುದಿಲ್ಲ. ಅವರ ಸಾಲ ಊರಿನ ಬ್ಯಾಂಕಿನಲ್ಲಿದೆ, ಜಾಮೀನಿಗೆ ಅಪ್ಪನ ಸಹಿಯೋ ಮನೆಯ ಪತ್ರವೋ ಇದೆ. ಇಲ್ಲಿ ಕಾಲೇಜು ಬಿಟ್ಟರೆ ಆ ಸಾಲದಲ್ಲಿ ಒಂದು ರೂಪಾಯಿಯೂ ತಾನಾಗಿ ಕಡಿಮೆಯಾಗುವುದಿಲ್ಲ, ಕೋರ್ಸ್ ಮುಗಿಯುವವರೆಗೆಂದು ಕೊಟ್ಟಿದ್ದ ಬಿಡುವಿನ ಅವಧಿಯ ಬಗ್ಗೆಯೂ ಬ್ಯಾಂಕಿನೊಡನೆ ಹೊಸದಾಗಿ ಮಾತಾಡಬೇಕಾಗುತ್ತದೆ. ಜೊತೆಗೆ, ಕಾಲೇಜಿನ ಅನುಮತಿ ಪಡೆದು ಬಿಟ್ಟವರಿಗೂ ದೇಶ ಬಿಡಲು ಸಿಗುವುದು 15 ದಿನಗಳು ಮಾತ್ರ. ಅವರು ಫೈನಾನ್ಷಿಯಲ್ ಏಡ್ ಕಚೇರಿಗೆ ಬರುವ ಬದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಮೊದಲು ಹೋಗಬೇಕು.