ಕಂಬಳಿ ತಿಂದ ಕಳ್ಳ

ತಾತನ ಕರಿ ಕಂಬಳಿಯನ್ನು ಟ್ರಂಕಿನಿಂದ ತೆಗೆದು ಬೆಳಕಿಗೆ ಹಿಡಿದೆ. ಜರಡಿಯಾಗಿತ್ತು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯದು, ಹುಣಸೆ ಬೀಜದ ಗಂಜಿ ಕುಡಿದು ತಗಡಿನಂತೆ ನಿಲ್ಲುತ್ತಿದ್ದ ಕಂಬಳಿ. ಅಮ್ಮ ನೇರ ಗೋಡೆಗೆ ಕೈ ತೋರಿಸಿದಳು. "ಅದೇ ಕಣೋ ತಿಂದಿರೋದು!"

ಸ್ವಿಚ್ ಬೋರ್ಡಿನ ಕೆಳಗೆ ಸೌತೆ ಬೀಜದಂಥ ಬೂದು ಚೀಲವೊಂದು ನೇತಾಡುತ್ತಿತ್ತು. ನಿಮ್ಮ ಮನೆಯ ಬಚ್ಚಲ ಗೋಡೆಯಲ್ಲೂ ನೋಡಿರುತ್ತೀರಿ. ಬಿಳಿ ಹಾಳೆಯ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಒಂದು ಸೆಂಟಿಮೀಟರ್ ಉದ್ದ, ಚಪ್ಪಟೆ; ಮೈತುಂಬ ಮರಳು, ಧೂಳು, ಒಳಗೆ ರೇಷ್ಮೆಯ ಅಸ್ತರಿ. ಒಂದು ತುದಿಯಿಂದ ಕಂದು ತಲೆ ಇಣುಕಿತು. ಸೂಜಿಯಿಂದ ಮುಟ್ಟಿದೆ, ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆ ಕಡೆ ತುದಿಯಿಂದ ಇಣುಕಬೇಕೇ! ಚೀಲಕ್ಕೆ ಎರಡೂ ಕಡೆ ಬಾಯಿ. ಹುಳು ತಿರುಗಲೆಂದೇ ನಡು ಅಗಲ. ಇದು ಫೆರಿಯೀಕಾ ಎಂಬ ಪುಟ್ಟ ಪತಂಗದ ಮರಿ. ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳಗಳೇ ಇದರ ಊಟ. ಉಣ್ಣೆ ಸಿಕ್ಕರೂ ಬೇಡವೆನ್ನುವುದಿಲ್ಲ, ಹಾಗಾಗಿ ಪೂರ್ತಿ ನಿರಪರಾಧಿ ಎನ್ನಲಾರೆ.

ಕಂಬಳಿಯ ಮಡಿಕೆ ಬಿಚ್ಚಿದಾಗ ಇನ್ನೊಂದು ಚೀಲ ಸಿಕ್ಕಿತು. ಜೀರಿಗೆಯಂತೆ ಸಣ್ಣ, ಉರುಟು. ಮರಳಿನ ಒಂದು ಕಣವೂ ಇಲ್ಲ, ಪೂರಾ ಕರಿ ಉಣ್ಣೆ. ತುದಿಯಲ್ಲಿ ಮಾತ್ರ ಒಂದು ಕೆಂಪು ಪಟ್ಟೆ. ಕಂಬಳಿಯ ಅಂಚೂ ಕೆಂಪೇ. ಕದ್ದ ಮಾಲನ್ನೇ ಮೈಮೇಲೆ ಹಾಕಿಕೊಂಡು ಸಿಕ್ಕಿಬಿದ್ದ ಕಳ್ಳ!

ಇದು ಬಟ್ಟೆ ತಿನ್ನುವ ಪತಂಗಗಳಿರುವ ಟಿನಿಯಾ ಕುಲದ್ದು ಎಂದು ಗುರುತಿಸುವವರೆಗೆ ಹೋದೆ. ಯಾವ ಪ್ರಭೇದ ಎಂದು ಹೇಳಲು ಪತಂಗವಾದ ಮೇಲೆ ಕೊಯ್ದು ಜನನಾಂಗ ನೋಡಬೇಕಂತೆ, ಅಷ್ಟು ಒಂದರಂತೆ ಇನ್ನೊಂದು. ನನ್ನಲ್ಲಿ ಸೂಕ್ಷ್ಮದರ್ಶಕವೂ ಇಲ್ಲ, ಆ ಧೈರ್ಯವೂ ಇಲ್ಲ.

"ಮತ್ತೆ ರಾತ್ರಿ ಟ್ಯೂಬ್‌ಲೈಟಿಗೆ ಮುತ್ತೋವು?" ಅಮ್ಮ ಬಿಡಲಿಲ್ಲ. ಬಟ್ಟೆ ತಿನ್ನುವ ಜಾತಿಗೆ ಬೆಳಕು ಆಗದು, ಕತ್ತಲ ಮಡಿಕೆಗೆ ಓಡುತ್ತದೆ. ರೆಕ್ಕೆ ಬಂದ ಮೇಲಂತೂ ಅದು ಏನನ್ನೂ ತಿನ್ನುವುದಿಲ್ಲ, ತಿನ್ನುವುದೆಲ್ಲ ಮರಿಯಾಗಿದ್ದಾಗಲೇ ಎಂದೆ. "ಎಲ್ಲಾ ನುಸಿನೇ" ಎಂದಳು.

ಕಂಬಳಿಯನ್ನು ಬಿಸಿಲಿಗೆ ಹರವಿ ಕೊಡವಿದೆವು. ಟ್ರಂಕಿಗೆ ನುಸಿಗುಳಿಗೆ ಬಿತ್ತು. ಗೋಡೆಯ ಹುಳುವನ್ನು ನಾನು ಮೆಲ್ಲಗೆ ಬಚ್ಚಲಿಗೆ ಒಯ್ದು ಬಿಟ್ಟೆ. ಸಂಜೆ ನೋಡಿದರೆ ಅಲ್ಲಿ ಪೊರಕೆಯ ಗೀರುಗಳಷ್ಟೇ ಇದ್ದವು.