ಮನೆ ಎಲ್ಲಿ ಎಂದು ಕೇಳುವ ಮೊದಲು

ಕಲಬುರಗಿಯ ರೈಲು ನಿಲ್ದಾಣ ಮತ್ತು ಕೇಂದ್ರ ಬಸ್ ನಿಲ್ದಾಣದ ಸುತ್ತಮುತ್ತ ಮನೆ ಬಿಟ್ಟು ಬಂದ ಮಕ್ಕಳನ್ನು ಗುರುತಿಸಿ, ಅವರ ವಿಷಯದಲ್ಲಿ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವುದು ನನ್ನ ಕೆಲಸ. ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇದು: ಪ್ಲಾಟ್‌ಫಾರಂ ಮೇಲೆ ಒಬ್ಬನೇ ಕುಳಿತಿರುವ ಹುಡುಗನಿಗೆ ಯಾರೂ ಇಲ್ಲ ಎಂದುಕೊಳ್ಳಬೇಡಿ. ಬೀದಿಗೆ ಬಂದು ನಾಲ್ಕು ದಿನವಾಗಿದ್ದರೆ ಸಾಕು, ಅವನಿಗೆ ಅಲ್ಲೊಬ್ಬ ಅಣ್ಣ ಸಿಕ್ಕಿರುತ್ತಾನೆ, ಇಬ್ಬರು ತಮ್ಮಂದಿರಿರುತ್ತಾರೆ, ಒಮ್ಮೊಮ್ಮೆ ಅವನು ಅವ್ವ ಎಂದು ಕರೆಯುವ ಹಣ್ಣಿನ ಬುಟ್ಟಿಯ ಮುದುಕಿಯೂ ಇರುತ್ತಾಳೆ. ಅವರನ್ನು ವಿಚಾರಿಸದೆ ಹುಡುಗನನ್ನು ಮಾತ್ರ ಕರೆದೊಯ್ದರೆ ಅವನಿಂದ ಎರಡನೆಯ ಸಲ ಮನೆ ಬಿಡಿಸಿದಂತಾಗುತ್ತದೆ.

ನಮ್ಮ ಊರು ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಮೇಲಿದೆ. ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ವಾಡಿ ಜಂಕ್ಷನ್. ವಾಡಿಯಲ್ಲಿ ಹಳಿ ಕವಲೊಡೆದು ಸಿಕಂದರಾಬಾದಿಗೊಂದು, ರಾಯಚೂರು–ಗುಂತಕಲ್ ಕಡೆಗೊಂದು ಹೋಗುತ್ತದೆ. 2017ರಲ್ಲಿ ಬೀದರಿನ ಮಾರ್ಗವೂ ಸೇರಿತು. ಹೀಗಾಗಿ ನಮ್ಮ ಹಳ್ಳಿಯ ಮಕ್ಕಳು ಇಲ್ಲಿಂದ ಮುಂಬೈ, ಹೈದರಾಬಾದಿಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿ ಇಳಿಯುತ್ತಾರೆ. ಒಂದೇ ಗುಂಪಿನಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ, ಲಂಬಾಣಿ ಎಲ್ಲವೂ ಕೇಳಿಸುತ್ತವೆ.

ಮನೆ ಬಿಡಲು ಅವರು ಹೇಳುವ ಕಾರಣ ಚಿಕ್ಕದು. ಅಪ್ಪ ಹೊಡೆದ, ಪರೀಕ್ಷೆಯಲ್ಲಿ ಫೇಲಾದೆ, ಮೊಬೈಲ್ ಕಳೆಯಿತು. ಕುಳಿತು ಮಾತಾಡಿದರೆ ಅದರ ಹಿಂದಿನದು ಹೊರಬರುತ್ತದೆ. ತಂದೆ ತಾಯಿ ಗುಳೆ ಹೋಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾರೆ, ಮಗು ಅಜ್ಜಿಯ ಹತ್ತಿರ. ಅಜ್ಜಿ ತೀರಿಕೊಂಡ ಮೇಲೆ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಲೆಕ್ಕ ಶುರುವಾಗುತ್ತದೆ. ಹುಡುಗಿಯರಾದರೆ ಬಹಳ ಸಲ ಮದುವೆಯ ಮಾತು. ತನ್ನ ಮದುವೆಗೆ ಸೀರೆ ತರಲು ಹೊರಟವರ ಜೊತೆಯಲ್ಲೇ ಪೇಟೆಗೆ ಬಂದು, ಬಸ್ ನಿಲ್ದಾಣದಲ್ಲಿ ತಪ್ಪಿಸಿಕೊಂಡ ಹುಡುಗಿಯನ್ನು ನಾನು ಕಂಡಿದ್ದೇನೆ. ಅವಳ ಧೈರ್ಯ ನೆನೆದರೆ ಇಂದಿಗೂ ಎದೆ ತುಂಬಿ ಬರುತ್ತದೆ.

ಬೀದಿಯ ಈ ಕುಟುಂಬಗಳು ಹೇಗಿರುತ್ತವೆ ಎಂಬುದನ್ನು ಊಟದ ಹೊತ್ತಿನಲ್ಲಿ ನೋಡಬೇಕು. ಒಂದು ಸಂಜೆ ನಿಲ್ದಾಣದ ಹೊರಗೆ, ಹದಿನಾರರ ಆಸುಪಾಸಿನ ಹುಡುಗನೊಬ್ಬ ದಿನವೆಲ್ಲ ಆರಿಸಿದ ನೀರಿನ ಬಾಟಲಿಗಳನ್ನು ಗುಜರಿ ಅಂಗಡಿಗೆ ಹಾಕಿ, ಬಂದ ಹಣದಲ್ಲಿ ಮಂಡಕ್ಕಿಯ ಸುಸಲಾ ಮತ್ತು ಮಿರ್ಚಿ ತಂದ. ಪೇಪರ್ ಬಿಚ್ಚಿದವನೇ ಮಿರ್ಚಿಯ ಒಳಗಿನ ಖಾರದ ಕಾಯಿಯನ್ನು ಉಗುರಿನಿಂದ ಬೇರೆ ಮಾಡಿ ತಾನು ತಿಂದ, ಮೇಲಿನ ಹಿಟ್ಟಿನ ಭಾಗವನ್ನು ಎಲ್ಲರಿಗಿಂತ ಚಿಕ್ಕವನಿಗೆ ಕೊಟ್ಟ. ಚಿಕ್ಕವನಿಗೆ ಬಾಯಿಹುಣ್ಣಾಗಿತ್ತು. ಆಮೇಲೆ ಉಳಿದವರಿಗೆ ಸುಸಲಾ ಹಂಚಿದ, ಕೊನೆಗೆ ಪೇಪರಿಗೆ ಅಂಟಿದ್ದನ್ನು ಬೆರಳಿನಿಂದ ಒಟ್ಟುಮಾಡಿ ತಾನು ತಿಂದ. ಮಲಗುವಾಗಲೂ ಇದೇ ಕ್ರಮ. ಚಿಕ್ಕವರು ನಡುವೆ, ದೊಡ್ಡವರು ಎರಡು ಅಂಚಿಗೆ, ಚಪ್ಪಲಿ ತಲೆಯ ಕೆಳಗೆ. ಶರಣಬಸವೇಶ್ವರರ ದಾಸೋಹಕ್ಕೆ ಹೋಗುವಾಗಲೂ ಒಟ್ಟಿಗೇ ಹೋಗುತ್ತಾರೆ, ಜ್ವರ ಬಂದವನಿದ್ದರೆ ಒಬ್ಬರು ಅವನ ಹತ್ತಿರ ಉಳಿಯುತ್ತಾರೆ.

ಇಷ್ಟೇ ನೋಡಿ ಮನಸ್ಸು ಕರಗಿ ಸುಮ್ಮನಿದ್ದರೂ ಮಕ್ಕಳಿಗೆ ಅನ್ಯಾಯವೇ. ಎಲ್ಲ ಅಣ್ಣಂದಿರೂ ಅಣ್ಣಂದಿರಲ್ಲ. ಕೆಲವು ಗುಂಪುಗಳಲ್ಲಿ ದೊಡ್ಡವನು ಚಿಕ್ಕವರ ದುಡಿಮೆಯನ್ನೆಲ್ಲ ಕಸಿದುಕೊಳ್ಳುತ್ತಾನೆ, ಹಸಿವು ಮರೆಯಲಿ ಎಂದು ಪಂಕ್ಚರ್ ಸೊಲ್ಯೂಷನ್ ಮೂಸುವುದನ್ನು ಕಲಿಸುತ್ತಾನೆ, ಅದಕ್ಕಿಂತ ಹೇಯವಾದುದೂ ನಡೆಯುತ್ತದೆ. ಆದ್ದರಿಂದ ನಾನು ಕೆಲವು ಸಂಗತಿಗಳನ್ನು ತಪ್ಪದೆ ಗಮನಿಸುತ್ತೇನೆ. ಮೊದಲು ತಿನ್ನುವವರು ಯಾರು, ಹಣ ಯಾರ ಜೇಬಿನಲ್ಲಿರುತ್ತದೆ, ಚಿಕ್ಕವನನ್ನು ಪಕ್ಕಕ್ಕೆ ಕರೆದು ಮಾತಾಡಿಸಿದರೆ ದೊಡ್ಡವನ ಮುಖ ಹೇಗಾಗುತ್ತದೆ, ಚಿಕ್ಕವನು ಉತ್ತರ ಕೊಡುವ ಮುನ್ನ ಯಾರ ಕಡೆ ನೋಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕೆಂದಾಗ ಗುಂಪು ಬಿಟ್ಟು ಹೋಗಲು ಅವನಿಗೆ ಸಾಧ್ಯವೇ? ಸಾಧ್ಯವಿಲ್ಲ ಎಂಬ ಅನುಮಾನ ಬಂದರೆ ಪೊಲೀಸರಿಗೆ ತಿಳಿಸಲು ನಾನು ಒಂದು ಗಳಿಗೆಯೂ ತಡ ಮಾಡುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿಯೂ ತಿಳಿಸದಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಅದೇ ಒಂದು ಅಪರಾಧ.

ಇನ್ನು ಕಾನೂನಿನ ಮಾತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನೆಂಟು ತುಂಬದ, ಮನೆ ಬಿಟ್ಟು ಬಂದ ಮಗು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಅಂತಿಮ ಆದೇಶ 4 ತಿಂಗಳೊಳಗೆ ಬರಬೇಕು. ಈ ಗಡುವಿನ ಒತ್ತಡದಲ್ಲಿ ನಾವೆಲ್ಲ ವಿಳಾಸದ ಹಿಂದೆ ಬೀಳುತ್ತೇವೆ. ಊರು ಯಾವುದು, ಅಪ್ಪನ ಹೆಸರೇನು, ಫೋನ್ ನಂಬರ್ ಇದೆಯೇ? ಮಗು ಸುಳ್ಳು ಹೆಸರು ಹೇಳುತ್ತದೆ, ನಾವು ಗದರುತ್ತೇವೆ. ಅದೇ ಕಾಯ್ದೆಯ 3ನೇ ಕಲಂ ಮಗುವಿನ ಮಾತನ್ನು ಕೇಳಬೇಕು, ಅದನ್ನು ಬಾಧಿಸುವ ತೀರ್ಮಾನಗಳಲ್ಲಿ ಅದಕ್ಕೂ ಪಾಲಿರಬೇಕು ಎನ್ನುತ್ತದೆ. ಹಾಗಾಗಿ ನಾನು ಮನೆಯ ವಿಳಾಸಕ್ಕೆ ಮುಂಚೆ, ನಿನ್ನ ಜೊತೆ ಯಾರಿದ್ದಾರೆ, ನೀನು ಕಾಣದಿದ್ದರೆ ಇವತ್ತು ರಾತ್ರಿ ನಿನ್ನನ್ನು ಹುಡುಕುವವರು ಯಾರು ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಸುಳ್ಳು ಹೇಳಿದ ಮಕ್ಕಳು ಬಹಳ ಕಡಿಮೆ.

ಆ ಮಿರ್ಚಿಯ ಹುಡುಗರ ವಿಷಯಕ್ಕೆ ಬರುತ್ತೇನೆ. ಮಕ್ಕಳ ಗುರುತು ಬಯಲು ಮಾಡುವುದನ್ನು ಕಾಯ್ದೆಯೇ ನಿಷೇಧಿಸಿದೆ, ಹೆಸರು ಊರು ಬರೆಯುವುದಿಲ್ಲ. ಚಿಕ್ಕವನನ್ನು ಈ ಮೊದಲು ಒಂದು ಸಲ ಬೇರೆಯವರು ಹಿಡಿದು ಊರಿಗೆ ತಲುಪಿಸಿದ್ದರು. ಕೆಲವೇ ವಾರಗಳಲ್ಲಿ ಅವನು ರೈಲು ಹತ್ತಿ ಅದೇ ಪ್ಲಾಟ್‌ಫಾರಂಗೆ, ಅದೇ ಅಣ್ಣನ ಹತ್ತಿರ ಬಂದಿದ್ದ. ಈ ಸಲ ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ, ವೈದ್ಯಕೀಯ ತಪಾಸಣೆ ಮಾಡಿಸಿ, ಅನುಮಾನಕ್ಕೆ ಎಡೆಯಿಲ್ಲ ಎಂದು ಖಚಿತವಾದ ಮೇಲೆ ಒಂದೇ ದಿನ ಸಮಿತಿಯ ಮುಂದೆ ಕರೆದೊಯ್ದೆ. ತನಿಖಾ ವರದಿಗೆ ಹೆಚ್ಚುವರಿ ಹಾಳೆ ಲಗತ್ತಿಸಿ ಅವರ ಸಂಬಂಧವನ್ನು ವಿವರವಾಗಿ ಬರೆದೆ: ಯಾರು ಯಾರನ್ನು ನೋಡಿಕೊಂಡರು, ಕಾಯಿಲೆ ಬಂದಾಗ ಯಾರಿದ್ದರು, ಚಿಕ್ಕವನು ಯಾರ ಮಾತು ಕೇಳುತ್ತಾನೆ. ಇಬ್ಬರನ್ನೂ ಒಂದೇ ಬಾಲಮಂದಿರದಲ್ಲಿ ಇರಿಸಲು ಸಮಿತಿ ಒಪ್ಪಿತು. ಹುಡುಗ–ಹುಡುಗಿ ಇದ್ದಿದ್ದರೆ ಇದು ಆಗುತ್ತಿರಲಿಲ್ಲ, ಬಾಲಮಂದಿರಗಳು ಬೇರೆ ಬೇರೆ. ಅಂಥ ಸಂದರ್ಭದಲ್ಲಿ ಭೇಟಿಗೂ ಫೋನಿಗೂ ಅನುಮತಿ ಕೋರಿ ಅರ್ಜಿ ಹಾಕುತ್ತೇನೆ. ಇದಕ್ಕೆ ಹಣ ಬೇಕಿಲ್ಲ, ಒಂದು ಹಾಳೆ ಬರೆಯುವ ತಾಳ್ಮೆ ಬೇಕು.

ಚಿಕ್ಕವನ ಮನೆಯವರು ಬಂದಾಗ ಆ ಅಣ್ಣನನ್ನೂ ಜೊತೆಗೆ ಕೂರಿಸಿ ಮಾತಾಡಿದೆವು. ಮಲತಾಯಿಗೆ ಮೊದಮೊದಲು ಸಿಟ್ಟು. ಚಿಕ್ಕವನು ರಾತ್ರಿ ನಿದ್ದೆಯಲ್ಲಿ ಎದ್ದು ನಡೆಯುತ್ತಾನೆ, ಅವನ ಅಂಗಿಯ ಚುಂಗು ಹಿಡಿದುಕೊಂಡೇ ಮಲಗುತ್ತಿದ್ದೆ ಎಂದು ಆ ಅಣ್ಣ ಹೇಳಿದಾಗ ಅವಳು ಸುಮ್ಮನಾದಳು. ಚಿಕ್ಕವನು ಈಗ ಊರಿನಲ್ಲಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ, ಭಾನುವಾರ ಬಾಲಮಂದಿರಕ್ಕೆ ಫೋನ್ ಬರುತ್ತದೆ.

ಉಳಿದಿರುವುದು ದೊಡ್ಡವನ ಚಿಂತೆ. ಅವನನ್ನು ಕೇಳಿಕೊಂಡು ಯಾರೂ ಬಂದಿಲ್ಲ, ಹದಿನೆಂಟು ಹತ್ತಿರವಾಗುತ್ತಿದೆ. ಬಾಲಮಂದಿರ ಬಿಟ್ಟವರಿಗೆ 21 ವರ್ಷದವರೆಗೆ ಹಣಕಾಸಿನ ನೆರವು ಕೊಡಲು ಬಾಲನ್ಯಾಯ ಕಾಯ್ದೆಯ 46ನೇ ಕಲಂನಲ್ಲಿ ಅವಕಾಶವಿದೆ. ಅವನಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ಆಸೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟಿದ್ದೇನೆ, ಐಟಿಐ ಪ್ರವೇಶಕ್ಕೆ ಬೇಕಾದ ವರ್ಗಾವಣೆ ಪತ್ರಕ್ಕಾಗಿ ಅವನ ಹಳೆಯ ಶಾಲೆಗೆ ಈ ವಾರ ಹೋಗಬೇಕಿದೆ.